ಜಾತ್ರೆಯನ್ನು ನಂಬಿದ ಊರು

ಬಯಲುಸೀಮೆಯ ರೈತನು ಮಳೆಯನ್ನು ನಂಬಿ ಬಾಳುತ್ತಾನೆ. ಅವನು ಹೊಲವನ್ನು ಹಸನು ಮಾಡಬಲ್ಲನು, ಗೊಬ್ಬರ ಹಾಕಬಲ್ಲನು, ಹದ ನೋಡಿ ಬೀಜ ಬಿತ್ತಬಲ್ಲನು. ಆದರೆ ಮೋಡವನ್ನು ಕರೆತರಲಾರನು. ಮೋಡ ಹುಟ್ಟುವುದು ಅವನು ಎಂದೂ ಕಾಣದ ದೂರದ ಕಡಲಿನಲ್ಲಿ. ಅಲ್ಲಿ ಗಾಳಿಯ ದಿಕ್ಕು ತಪ್ಪಿದರೆ ಇಲ್ಲಿ ಅವನ ಕಣಜ ಬರಿದಾಗುತ್ತದೆ. ಅವನ ದುಡಿಮೆಯಲ್ಲಿ ಕೊರತೆಯಿಲ್ಲದಿದ್ದರೂ ಕಷ್ಟ ಮಾತ್ರ ಅವನ ಬಾಗಿಲಿಗೇ ಬರುತ್ತದೆ.

ಹೀಗೆ ಮಳೆಯನ್ನು ನಂಬಿ ಬಾಳುವ ನಗರಗಳೂ ಉಂಟು. ಅವುಗಳ ಪಾಲಿಗೆ ಮಳೆಯೆಂದರೆ ಪ್ರವಾಸಿಗರು. ನಮ್ಮ ಊರುಗಳಲ್ಲಿ ಜಾತ್ರೆ ವರ್ಷಕ್ಕೊಮ್ಮೆ ನಡೆಯುತ್ತದೆ. ತೇರು ಎಳೆದು ಮುಗಿದ ಮೇಲೆ ಬೆಂಡು ಬತ್ತಾಸು ಮಾರುವವರು, ಬಳೆಗಾರರು, ತಿರುಗುವ ತೊಟ್ಟಿಲಿನವರು ಗಂಟು ಕಟ್ಟಿಕೊಂಡು ಮುಂದಿನ ಊರಿಗೆ ಹೊರಡುತ್ತಾರೆ. ಆದರೆ ವರ್ಷದ ಎಲ್ಲ ದಿನಗಳಲ್ಲಿಯೂ ಜಾತ್ರೆ ನಡೆಯುವ ಒಂದು ಊರಿದೆ ಎಂದು ಎಣಿಸಿಕೊಂಡರೆ, ಅಲ್ಲಿನ ಅಂಗಡಿಯವರೆಲ್ಲ ಅಲ್ಲಿಯೇ ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಸೇರಿಸಿ ಬದುಕುತ್ತಿರುವರೆಂದುಕೊಂಡರೆ, ಜಾತ್ರೆಗೆ ಬರುವ ಜನ ಒಮ್ಮೆ ಕಡಿಮೆಯಾದಾಗ ಅವರ ಗತಿಯೇನು? ಅಮೆರಿಕ ಸಂಯುಕ್ತ ಸಂಸ್ಥಾನಗಳ ಲಾಸ್ ವೇಗಸ್ ನಗರದ ಕಥೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಲಾಸ್ ವೇಗಸ್ ಇರುವುದು ನೆವಾಡ ರಾಜ್ಯದ ದಕ್ಷಿಣ ತುದಿಯಲ್ಲಿ, ಮೊಹಾವೆ ಮರುಭೂಮಿಯ ನಡುವೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಹತ್ತು ಸೆಂಟಿಮೀಟರು ಮಾತ್ರ. ಬೇಸಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ಎಷ್ಟೋ ಸಲ ಮೀರುತ್ತದೆ. ಆದರೂ ಒಂದು ಕಾಲಕ್ಕೆ ಅಲ್ಲಿ ನೆಲದಡಿಯಿಂದ ನೀರಿನ ಬುಗ್ಗೆಗಳು ಚಿಮ್ಮುತ್ತಿದ್ದವು. ಅವುಗಳ ಸುತ್ತ ಹುಲ್ಲು ಬೆಳೆಯುತ್ತಿತ್ತು. ಲಾಸ್ ವೇಗಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹುಲ್ಲುಗಾವಲುಗಳು ಎಂದೇ ಅರ್ಥ. ಪೈಯೂಟ್ ಎಂಬ ಮೂಲನಿವಾಸಿಗಳು ಬಹುಕಾಲದಿಂದ ಆ ನೀರನ್ನು ಆಶ್ರಯಿಸಿದ್ದರು. ಅಲ್ಲಿಗೆ ರೈಲು ಬಂದ ಮೇಲೆ, 1905ರ ಮೇ ತಿಂಗಳಲ್ಲಿ, ರೈಲ್ವೆಯವರು ನಿವೇಶನಗಳನ್ನು ಹರಾಜು ಹಾಕಿದರು. ಹೀಗೆ ಊರು ಹುಟ್ಟಿತು. ಮೊದಲ ಇಪ್ಪತ್ತೈದು ವರ್ಷ ಅದು ರೈಲುಗಾಡಿ ನೀರು ತುಂಬಿಕೊಳ್ಳುವ ಒಂದು ಸಣ್ಣ ನಿಲ್ದಾಣವಾಗಿಯೇ ಉಳಿಯಿತು.

1929ರಲ್ಲಿ ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಬಡಿಯಿತು. ಕಾರ್ಖಾನೆಗಳು ಮುಚ್ಚಿದವು, ಲಕ್ಷಾಂತರ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಆದರೆ ಈ ಸಣ್ಣ ಊರಿಗೆ ಆ ಕಷ್ಟಕಾಲವೇ ಭಾಗ್ಯವನ್ನು ತಂದಿತು. ಸಮೀಪದ ಕೊಲರಾಡೊ ನದಿಗೆ ಅಡ್ಡಲಾಗಿ ಒಂದು ಭಾರಿ ಅಣೆಕಟ್ಟನ್ನು ಕಟ್ಟುವ ಕೆಲಸ 1931ರಲ್ಲಿ ಆರಂಭವಾಯಿತು. ಅದೇ ಇಂದಿನ ಹೂವರ್ ಅಣೆಕಟ್ಟು. ಕೆಲಸವನ್ನರಸಿ ದೇಶದ ಮೂಲೆ ಮೂಲೆಗಳಿಂದ ಸಂಸಾರಸಹಿತವಾಗಿ ಜನ ಬಂದರು. ನದಿಯ ದಂಡೆಯಲ್ಲಿ ಗೋಣಿ, ರಟ್ಟು, ತಗಡುಗಳ ಗುಡಿಸಲು ಹಾಕಿಕೊಂಡು ಸುಡುಬಿಸಿಲಿನಲ್ಲಿ ಕಾದರು. ಕೆಲಸ ಭರದಿಂದ ಸಾಗಿದ್ದ 1934ರಲ್ಲಿ ಐದು ಸಾವಿರಕ್ಕೂ ಮೀರಿದ ಕೆಲಸಗಾರರು ಅಲ್ಲಿ ದುಡಿಯುತ್ತಿದ್ದರು. ಅವರ ಕೂಲಿಯ ಹಣ ಲಾಸ್ ವೇಗಸ್ಸಿನ ಅಂಗಡಿಗಳಿಗೆ ಹರಿದುಬಂದಿತು.

ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಆ ಕೆಲಸಗಾರರು ಚದುರಿಹೋದರು. ಊರು ಬೇರೆ ಜೀವನೋಪಾಯವನ್ನು ಹುಡುಕಬೇಕಾಯಿತು. ಬರಡು ನೆಲದಲ್ಲಿ ಬೆಳೆಯಲು ಏನಿತ್ತು? ನೆವಾಡ ರಾಜ್ಯವು ವರಮಾನದ ಆಸೆಯಿಂದ 1931ರಲ್ಲಿಯೇ ಜೂಜಿಗೆ ಕಾನೂನಿನ ಸಮ್ಮತಿಯನ್ನು ಕೊಟ್ಟಿತ್ತು. 1941ರಲ್ಲಿ ಲಾಸ್ ಏಂಜಲೀಸಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಜೂಜುಕಟ್ಟೆ, ಈಜುಕೊಳ, ಭೋಜನಶಾಲೆಗಳನ್ನು ಒಳಗೊಂಡ ಮೊದಲ ದೊಡ್ಡ ಹೋಟೆಲು ತೆರೆಯಿತು. ಮುಂದೆ ಅದೇ ದಾರಿಯಲ್ಲಿ ಒಂದಾದ ಮೇಲೊಂದು ಹೋಟೆಲುಗಳು ಎದ್ದವು. ಇಂದು ಆ ದಾರಿಗೆ ‘ಸ್ಟ್ರಿಪ್’ ಎಂದು ಹೆಸರು. ಈಜಿಪ್ಟಿನ ಪಿರಮಿಡ್ಡಿನಂತೆ ಕಾಣುವ ಹೋಟೆಲು, ಪ್ಯಾರಿಸ್ಸಿನ ಐಫೆಲ್ ಗೋಪುರದ ಅರ್ಧದಷ್ಟು ಎತ್ತರದ ಪ್ರತಿಕೃತಿ, ವೆನಿಸ್ ನಗರದ ಕಾಲುವೆಗಳ ಅನುಕರಣೆ, ಸಂಗೀತಕ್ಕೆ ತಕ್ಕಂತೆ ಕುಣಿಯುವ ಕಾರಂಜಿಗಳು ಎಲ್ಲವೂ ಆ ಒಂದೇ ದಾರಿಯಲ್ಲಿವೆ. ರಾತ್ರಿಯಲ್ಲಿ ಅಲ್ಲಿ ಕತ್ತಲೆಯೆಂಬುದೇ ಇಲ್ಲ.

ಜೂಜುಕಟ್ಟೆಗಳ ಲೆಕ್ಕಾಚಾರವನ್ನು ಇಲ್ಲಿ ಗಮನಿಸುವುದು ಒಳ್ಳೆಯದು. ಅಲ್ಲಿನ ತಿರುಗುವ ಚಕ್ರದಲ್ಲಿ 38 ಮನೆಗಳಿರುತ್ತವೆ. ಒಂದು ಮನೆಗೆ ಪಣವೊಡ್ಡಿ ಗೆದ್ದವನಿಗೆ ಪಣದ 35 ಪಾಲು ಲಾಭ ದೊರೆಯುತ್ತದೆ. ಮೇಲ್ನೋಟಕ್ಕೆ ಇದು ಉದಾರವಾಗಿ ಕಂಡರೂ ಬಹುಕಾಲ ಆಡಿದಾಗ ಪಣವಾಗಿ ಇಟ್ಟ ಪ್ರತಿ ನೂರು ರೂಪಾಯಿಯಲ್ಲಿ ಐದು ರೂಪಾಯಿಗೂ ಹೆಚ್ಚು ಕಟ್ಟೆಯ ಒಡೆಯನಿಗೇ ಸೇರುತ್ತದೆ. ಆಡುವವನು ಅದೃಷ್ಟವನ್ನು ನಂಬುತ್ತಾನೆ. ಆಡಿಸುವವನು ಗಣಿತವನ್ನು ನಂಬುತ್ತಾನೆ. ಕೊನೆಯಲ್ಲಿ ಗೆಲ್ಲುವುದು ಗಣಿತವೇ. ಆ ವೈಭವವೆಲ್ಲ ಸೋತವರ ಹಣದಿಂದ ಎದ್ದುನಿಂತದ್ದೆಂಬುದನ್ನು ಮರೆಯಬಾರದು.

ಆದರೆ ಆ ನಗರದಲ್ಲಿ ಬಾಳುವವರಲ್ಲಿ ಬಹುಮಂದಿ ಜೂಜುಗಾರರಲ್ಲ, ದುಡಿಮೆಗಾರರು. ಅಲ್ಲಿನ ಒಂದೊಂದು ಹೋಟೆಲಿನಲ್ಲಿ ಮೂರು ಸಾವಿರ, ನಾಲ್ಕು ಸಾವಿರ, ಐದು ಸಾವಿರ ಕೋಣೆಗಳಿರುವುದುಂಟು. 2007ರಲ್ಲಿ ನಗರದಲ್ಲಿದ್ದ ಹೋಟೆಲ್ ಕೋಣೆಗಳ ಸಂಖ್ಯೆ ಸುಮಾರು 1 ಲಕ್ಷ 33 ಸಾವಿರ. ಅತಿಥಿ ಎದ್ದುಹೋದ ಮೇಲೆ ಪ್ರತಿಯೊಂದು ಕೋಣೆಯನ್ನೂ ಯಾರಾದರೂ ಗುಡಿಸಬೇಕು, ಹಾಸಿಗೆಯ ಹೊದಿಕೆ ಬದಲಿಸಬೇಕು, ಬಚ್ಚಲನ್ನು ತಿಕ್ಕಬೇಕು. ಅಡಿಗೆಯವರು, ತಟ್ಟೆ ತೊಳೆಯುವವರು, ಬಡಿಸುವವರು, ಬಟ್ಟೆ ಒಗೆಯುವವರು, ಸಾಮಾನು ಹೊರುವವರು, ಬಾಡಿಗೆ ಕಾರು ಓಡಿಸುವವರು ಹೀಗೆ ದೀಪಗಳ ಹಿಂದೆ ನಿಂತ ಜನರ ಪಟ್ಟಿ ದೊಡ್ಡದು. ಮೆಕ್ಸಿಕೊ, ಎಲ್ ಸಾಲ್ವಡಾರ್, ಫಿಲಿಪೈನ್ಸ್, ಇಥಿಯೋಪಿಯ ಮೊದಲಾದ ದೇಶಗಳಿಂದ ಬಂದವರೂ ಅವರಲ್ಲಿ ಅನೇಕರು. ಹಲವರಿಗೆ ಸಂಬಳದಷ್ಟೇ ಮುಖ್ಯವಾದದ್ದು ಅತಿಥಿಗಳು ಮೆಚ್ಚಿ ಕೊಡುವ ಭಕ್ಷೀಸು. ಅತಿಥಿಯ ಜೇಬು ತುಂಬಿದ್ದರೆ ಇವರ ಒಲೆ ಉರಿಯುತ್ತದೆ.

1990ರಿಂದ ಮುಂದಿನ ಹದಿನೇಳು ವರ್ಷ ಲಾಸ್ ವೇಗಸ್ಸಿಗೆ ಸುಭಿಕ್ಷದ ಕಾಲ. ನಗರವೂ ಅದರ ಸುತ್ತಣ ಊರುಗಳೂ ಸೇರಿದ ಕ್ಲಾರ್ಕ್ ಜಿಲ್ಲೆಯಲ್ಲಿ 1990ರಲ್ಲಿ ಏಳೂವರೆ ಲಕ್ಷಕ್ಕೂ ಕಡಿಮೆ ಜನರಿದ್ದರು. 2000ದ ಜನಗಣತಿಯಲ್ಲಿ ಆ ಸಂಖ್ಯೆ ಹದಿಮೂರೂಮುಕ್ಕಾಲು ಲಕ್ಷವಾಯಿತು. 2010ರಲ್ಲಿ ಹತ್ತೊಂಬತ್ತೂವರೆ ಲಕ್ಷವಾಯಿತು. ಬಂದವರಿಗೆಲ್ಲ ಮನೆ ಬೇಕಾಯಿತು. ಮನೆ ಕಟ್ಟಲು ಇನ್ನಷ್ಟು ಜನ ಬಂದರು. ಅವರಿಗೂ ಮನೆ ಬೇಕಾಯಿತು. ಮರುಭೂಮಿಯಲ್ಲಿ ಸಾಲು ಸಾಲಾಗಿ ಬಡಾವಣೆಗಳು ಎದ್ದವು. ಊರು ಬೆಳೆಯುವುದೇ ಒಂದು ಉದ್ಯೋಗವಾಯಿತು. ನಿರ್ಮಾಣ ಕೆಲಸವನ್ನೇ ನಂಬಿದವರು 2006ರ ಹೊತ್ತಿಗೆ ಒಂದು ಲಕ್ಷವನ್ನು ಮೀರಿದರು. ಮನೆಗಳ ಬೆಲೆ ದಿನದಿನಕ್ಕೆ ಏರಿತು. ‘ದೇಶಕ್ಕೆ ಕಷ್ಟ ಬಂದರೂ ಜೂಜಿನ ಊರಿಗೆ ಬರುವುದಿಲ್ಲ, ದುಃಖದಲ್ಲಿಯೂ ಜನ ಮೋಜನ್ನು ಬಿಡುವುದಿಲ್ಲ’ ಎಂಬ ನಂಬಿಕೆ ಬಲವಾಗಿತ್ತು.

ಆ ನಂಬಿಕೆ ಎಷ್ಟು ಟೊಳ್ಳೆಂಬುದು ಬೇಗನೆ ತಿಳಿಯಿತು. ತೀರಿಸುವ ಶಕ್ತಿಯಿಲ್ಲದವರಿಗೂ ಅಮೆರಿಕದ ಬ್ಯಾಂಕುಗಳು ಮನೆಯ ಸಾಲವನ್ನು ಧಾರಾಳವಾಗಿ ಕೊಟ್ಟಿದ್ದವು. ಆ ಸಾಲಪತ್ರಗಳನ್ನು ಒಟ್ಟುಗೂಡಿಸಿ ಲೋಕದ ತುಂಬ ಮಾರಿದ್ದರು. 2007ರಲ್ಲಿ ಕಂತುಗಳು ನಿಲ್ಲತೊಡಗಿದಾಗ ಆ ಕಟ್ಟಡದ ತಳಪಾಯವೇ ಅಲುಗಿತು. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ಹಣಕಾಸು ಸಂಸ್ಥೆ ದಿವಾಳಿಯೆದ್ದಿತು. ದೇಶದಲ್ಲೆಲ್ಲ ಉದ್ಯೋಗಗಳು ಕುಸಿದವು.

ಮನೆಯಲ್ಲಿ ಹಣದ ಮುಗ್ಗಟ್ಟು ಬಂದಾಗ ಗೃಹಸ್ಥನು ಮೊದಲು ಯಾವ ಖರ್ಚನ್ನು ಕಡಿಮೆ ಮಾಡುತ್ತಾನೆ? ಅಕ್ಕಿಬೇಳೆಯನ್ನು ಬಿಡುವಂತಿಲ್ಲ, ಮಕ್ಕಳ ಶಾಲೆಯನ್ನು ಬಿಡಿಸುವಂತಿಲ್ಲ. ಪ್ರವಾಸವನ್ನು ಮಾತ್ರ ಮುಂದಿನ ವರ್ಷಕ್ಕೆ ತಳ್ಳಬಹುದು. ದೂರದ ಶಿಕಾಗೊದಲ್ಲಿಯೋ ನ್ಯೂಯಾರ್ಕಿನಲ್ಲಿಯೋ ಒಂದು ಸಂಸಾರ ರಾತ್ರಿ ಊಟದ ಹೊತ್ತಿನಲ್ಲಿ ಕುಳಿತು ಹೀಗೆ ತೀರ್ಮಾನಿಸಿದರೆ, ಅದರ ಪರಿಣಾಮ ಲಾಸ್ ವೇಗಸ್ಸಿನ ಒಂದು ಸಂಸಾರದ ಊಟದ ಮೇಲೆ ಆಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ಕಂಡವರಲ್ಲ. ದೊಡ್ಡ ಕಂಪನಿಗಳೂ ತಮ್ಮ ಸಮ್ಮೇಳನಗಳನ್ನು ರದ್ದುಮಾಡಿದವು. 2007ರಲ್ಲಿ ಸಮ್ಮೇಳನಗಳಿಗೆಂದು ಆ ನಗರಕ್ಕೆ 62 ಲಕ್ಷ ಜನ ಬಂದಿದ್ದರೆ, 2009ರಲ್ಲಿ ಬಂದವರು 45 ಲಕ್ಷ ಮಾತ್ರ.

ಇಲ್ಲಿ ಒಂದು ಸೋಜಿಗದ ಸಂಗತಿಯಿದೆ. 2007ರಲ್ಲಿ ಲಾಸ್ ವೇಗಸ್ಸಿಗೆ ಬಂದ ಒಟ್ಟು ಪ್ರವಾಸಿಗರು 3 ಕೋಟಿ 92 ಲಕ್ಷ. 2009ರಲ್ಲಿ ಬಂದವರು 3 ಕೋಟಿ 63 ಲಕ್ಷ. ಇಳಿದದ್ದು ನೂರಕ್ಕೆ ಏಳೆಂಟು ಪಾಲಷ್ಟೆ. ಹಾಗಾದರೆ ಊರು ಅಷ್ಟೊಂದು ತತ್ತರಿಸಿದ್ದೇಕೆ? ಉತ್ತರವು ಅತಿಥಿಗಳ ಸಂಖ್ಯೆಯಲ್ಲಿಲ್ಲ, ಅವರ ಕೈಚೀಲದಲ್ಲಿದೆ. ಕೋಣೆಗಳನ್ನು ತುಂಬುವುದಕ್ಕಾಗಿ ಹೋಟೆಲುಗಳು ಬಾಡಿಗೆಯನ್ನು ಇಳಿಸುತ್ತ ಹೋದವು. 2007ರಲ್ಲಿ ದಿನಕ್ಕೆ ಸರಾಸರಿ 132 ಡಾಲರುಗಳಿದ್ದ ಬಾಡಿಗೆ 2009ರಲ್ಲಿ 93 ಡಾಲರಿಗೆ ಬಂದಿತು. ಬಂದವರು ದುಬಾರಿ ಊಟವನ್ನು ಬಿಟ್ಟರು. ನಾಟಕ ಸಂಗೀತಗಳನ್ನು ಬಿಟ್ಟರು. ಭಕ್ಷೀಸಿಗೆ ಕೈ ಬಿಗಿಹಿಡಿದರು. 93 ಡಾಲರಿನ ಕೋಣೆಯನ್ನು ಗುಡಿಸುವುದಕ್ಕೆ 132 ಡಾಲರಿನ ಕೋಣೆಯಷ್ಟೇ ಶ್ರಮ ಬೇಕು. ಆದರೆ ಆದಾಯ ತಗ್ಗಿದಾಗ ಒಡೆಯನು ಮೊದಲು ಕಡಿಮೆ ಮಾಡುವುದು ಕೆಲಸಗಾರರ ಸಂಖ್ಯೆಯನ್ನು. ಉಳಿದವರಿಗೂ ವಾರದ ಕೆಲಸದ ದಿನಗಳು ಕಡಿಮೆಯಾದವು.

ಈ ಕಷ್ಟ ಮನೆಯೊಳಗೆ ಬಂದ ಬಗೆಯನ್ನು ಅರಿಯಲು ಅಲ್ಲಿನ ಒಂದು ಸಾಧಾರಣ ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಬಡಗಿ, ಹೊಸ ಹೋಟೆಲುಗಳ ನಿರ್ಮಾಣದಲ್ಲಿ ದುಡಿಯುವವನು. ತಾಯಿ ಹೋಟೆಲಿನ ಕೋಣೆಗಳನ್ನು ಅಚ್ಚುಕಟ್ಟು ಮಾಡುವವಳು. ಇಬ್ಬರು ಮಕ್ಕಳು. 2006ರಲ್ಲಿ ಅವರು ಮೂರು ಲಕ್ಷ ಡಾಲರಿನ ಒಂದು ಮನೆಯನ್ನು ಸಾಲಮಾಡಿ ಕೊಂಡರು. ಇಬ್ಬರ ಗಳಿಕೆಯಲ್ಲಿ ಕಂತು ಸಾಗುತ್ತಿತ್ತು. 2008ರ ಬೇಸಗೆಯಿಂದ ಸ್ಟ್ರಿಪ್ಪಿನ ನಿರ್ಮಾಣಗಳು ಅರ್ಧಕ್ಕೇ ನಿಲ್ಲತೊಡಗಿದವು. ತಂದೆಯ ಕೆಲಸ ಹೋಯಿತು. ತಾಯಿಗೆ ವಾರಕ್ಕೆ ಐದು ದಿನವಿದ್ದ ಕೆಲಸ ಮೂರು ದಿನಕ್ಕಿಳಿಯಿತು. ಮನೆಯನ್ನು ಮಾರಿ ಸಾಲ ತೀರಿಸೋಣವೆಂದರೆ ಬೆಲೆ ಬಿದ್ದುಹೋಗಿತ್ತು. 2006ರಿಂದ 2012ರ ಒಳಗೆ ಆ ನಗರದ ಮನೆಗಳ ಬೆಲೆ ನೂರಕ್ಕೆ ಸುಮಾರು ಅರವತ್ತರಷ್ಟು ಕುಸಿಯಿತು. ಮನೆಯ ಬೆಲೆ ಒಂದು ಲಕ್ಷದ ಇಪ್ಪತ್ತು ಸಾವಿರ. ತಲೆಯ ಮೇಲಿನ ಸಾಲ ಅದರ ಇಮ್ಮಡಿಗೂ ಮಿಗಿಲು. ಬಿಟ್ಟುಹೋಗುವಂತಿಲ್ಲ, ಇರುವಂತಿಲ್ಲ. ದೇಶದ ಬೇರೆ ಕಡೆ ಕೆಲಸ ಹುಡುಕೋಣವೆಂದರೆ ಅಲ್ಲಿಯೂ ಕೆಲಸವಿಲ್ಲ. ಕೊನೆಗೆ ಒಂದು ದಿನ ಬಾಗಿಲಿಗೆ ಜಪ್ತಿಯ ಕಾಗದ ಅಂಟುತ್ತದೆ. ಮಕ್ಕಳು ಶಾಲೆಯ ಗೆಳೆಯರಿಗೆ ಹೇಳದೆಯೇ ಬೇರೆ ಬಡಾವಣೆಯ ಬಾಡಿಗೆಮನೆಗೆ ಹೋಗುತ್ತಾರೆ.

ಇದು ಕಲ್ಪನೆಯ ಸಂಸಾರವಾದರೂ ಇಂಥ ಸಂಸಾರಗಳು ಸಾವಿರ ಸಾವಿರವಿದ್ದವು. 2009ನೆಯ ಒಂದೇ ವರ್ಷದಲ್ಲಿ ನೆವಾಡ ರಾಜ್ಯದ ಪ್ರತಿ ಹತ್ತು ಮನೆಗಳಲ್ಲಿ ಒಂದಕ್ಕೆ ಜಪ್ತಿಯ ನೋಟೀಸು ಬಂದಿತ್ತು. 2010ರಲ್ಲಿ ಲಾಸ್ ವೇಗಸ್ಸಿನಲ್ಲಿ ಕೆಲಸ ಬೇಡುವ ಪ್ರತಿ ನೂರು ಜನರಲ್ಲಿ ಸುಮಾರು ಹದಿನಾಲ್ಕು ಜನಕ್ಕೆ ಕೆಲಸವಿರಲಿಲ್ಲ. ಬಿಟ್ಟುಹೋದ ಮನೆಗಳ ಮುಂದಿನ ಹುಲ್ಲು ಒಣಗಿ ಹೋಯಿತು. ಹಿತ್ತಿಲಿನ ಈಜುಕೊಳಗಳ ನೀರು ಪಾಚಿಗಟ್ಟಿ ಹಸಿರಾಯಿತು. ಅವುಗಳಲ್ಲಿ ಹುಟ್ಟಿದ ಸೊಳ್ಳೆಗಳು ಉಳಿದ ನೆರೆಯವರನ್ನು ಕಾಡಿದವು. ಒಬ್ಬನ ಮನೆ ಹಾಳಾದರೆ ಪಕ್ಕದವನ ಮನೆಯ ಬೆಲೆಯೂ ಇಳಿಯಿತು. ಸ್ಟ್ರಿಪ್ಪಿನ ಉತ್ತರ ತುದಿಯಲ್ಲಿ ಅರವತ್ತಕ್ಕೂ ಹೆಚ್ಚು ಅಂತಸ್ತುಗಳ ಒಂದು ಹೋಟೆಲಿನ ಕೆಲಸ 2009ರಲ್ಲಿ ನಿಂತಿತು. ನೀಲಿ ಗಾಜಿನ ಆ ಗೋಪುರ ಹದಿನಾಲ್ಕು ವರ್ಷ ಬರಿದಾಗಿ ನಿಂತಿದ್ದು, 2023ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಅದು ಉದ್ಘಾಟನೆಯಾದಾಗ, ಕೆಲಸ ನಿಂತ ವರ್ಷ ಹುಟ್ಟಿದ ಮಗು ಪ್ರೌಢಶಾಲೆಯ ವಯಸ್ಸಿಗೆ ಬಂದಿತ್ತು.

ಕಷ್ಟ ಹೋಟೆಲುಗಳ ಆವರಣದಲ್ಲಿಯೇ ನಿಲ್ಲಲಿಲ್ಲ. ನೆವಾಡದಲ್ಲಿ ಜನರ ಸಂಬಳದ ಮೇಲೆ ರಾಜ್ಯದ ವರಮಾನ ತೆರಿಗೆಯಿಲ್ಲ. ಮಾರಾಟದ ತೆರಿಗೆ, ಜೂಜುಕಟ್ಟೆಗಳ ತೆರಿಗೆಗಳೇ ಬೊಕ್ಕಸದ ಮುಖ್ಯ ಆಧಾರ. ಒಳ್ಳೆಯ ಕಾಲದಲ್ಲಿ ಇದು ಸುಖವಾಗಿ ಕಂಡಿತು; ಊರಿನ ಶಾಲೆ, ರಸ್ತೆಗಳ ಖರ್ಚಿನಲ್ಲಿ ದೊಡ್ಡ ಪಾಲನ್ನು ಹೊರಗಿನವರೇ ಕೊಟ್ಟಂತಾಗುತ್ತಿತ್ತು. ಅತಿಥಿಯ ಜೇಬು ಬರಿದಾದಾಗ ಬೊಕ್ಕಸವೂ ಬರಿದಾಯಿತು. ಜನರಿಗೆ ಸರಕಾರದ ನೆರವು ಹೆಚ್ಚಾಗಿ ಬೇಕಾದ ಹೊತ್ತಿಗೇ ಸರಕಾರದ ಕೈ ಕಟ್ಟಿಹೋಯಿತು. ಶಾಲೆಗಳ ಅನುದಾನಕ್ಕೆ ಕತ್ತರಿ ಬಿದ್ದಿತು. 2008ರ ಕೊನೆಯಲ್ಲಿ ಬಡವರು ಆಶ್ರಯಿಸಿದ್ದ ಸಾರ್ವಜನಿಕ ಆಸ್ಪತ್ರೆಯೊಂದರ ಹೊರರೋಗಿಗಳ ಕ್ಯಾನ್ಸರ್ ಚಿಕಿತ್ಸಾ ವಿಭಾಗವೇ ಮುಚ್ಚಿತು. ಶಿಕಾಗೊದ ಸಂಸಾರವೊಂದು ಕೈಬಿಟ್ಟ ಪ್ರವಾಸಕ್ಕೂ ಲಾಸ್ ವೇಗಸ್ಸಿನ ರೋಗಿಯ ಔಷಧಕ್ಕೂ ಹೀಗೆ ನಂಟಿತ್ತು.

ಇಷ್ಟಾದರೂ ಊರು ಹಾಳುಬೀಳಲಿಲ್ಲ. ಅದಕ್ಕೆ ಕಾರಣವನ್ನು ದೀಪಗಳ ಬೆಳಕಿನಲ್ಲಿ ಹುಡುಕಿದರೆ ಸಿಗದು, ಅಡಿಗೆಮನೆಗಳಲ್ಲಿ ಹುಡುಕಬೇಕು. ಅಲ್ಲಿನ ಅಡಿಗೆಯವರು, ಬಡಿಸುವವರು, ಕೋಣೆ ಗುಡಿಸುವವರು 1935ರಿಂದಲೇ ಒಂದು ಸಂಘ ಕಟ್ಟಿಕೊಂಡಿದ್ದರು. ಆ ಸಂಘದ ಇತಿಹಾಸದಲ್ಲಿ ಹ್ಯಾಟಿ ಕ್ಯಾಂಟಿ ಎಂಬ ಹೆಣ್ಣುಮಗಳ ಹೆಸರು ದೊಡ್ಡದು. ಅಲಬಾಮ ರಾಜ್ಯದಲ್ಲಿ 1933ರಲ್ಲಿ ಹುಟ್ಟಿದ ಆ ನೀಗ್ರೊ ಮೂಲದ ಮಹಿಳೆ ಹತ್ತು ಮಕ್ಕಳ ತಾಯಿ. 1975ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ ಹೋಟೆಲಿನ ಕೋಣೆ ಶುಚಿಮಾಡುವ ಕೆಲಸದಿಂದ ಮಕ್ಕಳನ್ನು ಸಾಕಿದಳು. 1990ರಲ್ಲಿ ಕೆಲಸಗಾರರು ಆಕೆಯನ್ನೇ ಸಂಘದ ಅಧ್ಯಕ್ಷೆಯನ್ನಾಗಿ ಆರಿಸಿದರು. ಮರುವರ್ಷ ಒಂದು ಹೋಟೆಲಿನ ಸುಮಾರು 550 ಕೆಲಸಗಾರರು ಮುಷ್ಕರ ಹೂಡಿದರು. ಆ ಮುಷ್ಕರ ಆರು ವರ್ಷ ನಾಲ್ಕು ತಿಂಗಳು ಹತ್ತು ದಿನ ನಡೆಯಿತು. ಅಷ್ಟು ದೀರ್ಘಕಾಲದಲ್ಲಿ ಒಬ್ಬರೂ ಸಂಗಡಿಗರ ಕೈಬಿಟ್ಟು ಕೆಲಸಕ್ಕೆ ಮರಳಲಿಲ್ಲ. 1998ರಲ್ಲಿ ಅವರು ಗೆದ್ದರು.

ಸಂಘವು ಹೋರಾಟದ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿತು. 1993ರಲ್ಲಿ ಹೋಟೆಲುಗಳ ಒಡೆಯರೊಂದಿಗೆ ಸೇರಿ ಒಂದು ತರಬೇತಿ ಶಾಲೆಯನ್ನು ತೆರೆಯಿತು. ತಟ್ಟೆ ತೊಳೆಯುವವನು ಅಲ್ಲಿ ಅಡಿಗೆ ಕಲಿಯಬಹುದಿತ್ತು. ಹೊರದೇಶದಿಂದ ಬಂದವಳು ಇಂಗ್ಲಿಷ್ ಕಲಿಯಬಹುದಿತ್ತು. ಕೈಯಲ್ಲಿ ಎರಡು ಕಸುಬುಗಳಿದ್ದವನಿಗೆ ಒಂದು ಬಾಗಿಲು ಮುಚ್ಚಿದರೂ ಇನ್ನೊಂದನ್ನು ತಟ್ಟುವ ಧೈರ್ಯವಿರುತ್ತದೆ.

2010ರ ನಂತರ ಪ್ರವಾಸಿಗರು ಮರಳಿದರು. 2015ರಲ್ಲಿ ನೆವಾಡ ಸರಕಾರವು ಶಿಕ್ಷಣದ ಖರ್ಚಿಗೆಂದು ದೊಡ್ಡ ವ್ಯಾಪಾರ ಸಂಸ್ಥೆಗಳ ಮೇಲೆ ಹೊಸ ತೆರಿಗೆಯನ್ನು ಹಾಕಿತು. 2017ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಲೆ ತೆರೆಯಿತು. ಆದರೂ ಊರಿನ ಜೀವ ಮಾತ್ರ ಅತಿಥಿಯ ಕೈಯಲ್ಲಿಯೇ ಉಳಿಯಿತು. ಇದು 2020ರಲ್ಲಿ ಮತ್ತೊಮ್ಮೆ ಸಿದ್ಧವಾಯಿತು. ಕೊರೋನ ಸಾಂಕ್ರಾಮಿಕ ರೋಗ ಹರಡಿದಾಗ ಆ ವರ್ಷದ ಮಾರ್ಚ್ 18ರಿಂದ ಜೂನ್ 4ರವರೆಗೆ ಜೂಜುಕಟ್ಟೆಗಳೆಲ್ಲ ಮುಚ್ಚಿದವು. ಹಿಂದಿನ ವರ್ಷ 4 ಕೋಟಿ 25 ಲಕ್ಷವಿದ್ದ ಪ್ರವಾಸಿಗರ ಸಂಖ್ಯೆ 2020ರಲ್ಲಿ 1 ಕೋಟಿ 90 ಲಕ್ಷಕ್ಕೆ ಬಿದ್ದಿತು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಜನ ನಿರುದ್ಯೋಗಿಗಳಾದರು.

ಆ ದಿನಗಳ ಒಂದು ದೃಶ್ಯವು ಮನಸ್ಸನ್ನು ಕಲಕುವಂಥದು. ಮನೆಯಿಲ್ಲದವರು ರಾತ್ರಿ ತಂಗುತ್ತಿದ್ದ ಒಂದು ಆಶ್ರಯತಾಣ ಸೋಂಕಿನ ಕಾರಣದಿಂದ ಮುಚ್ಚಿತು. ಆಗ ಅಧಿಕಾರಿಗಳು ಕಾರು ನಿಲ್ಲಿಸುವ ಬಯಲಿನ ನೆಲದ ಮೇಲೆ ಬಿಳಿಯ ಚೌಕಗಳನ್ನು ಬರೆಸಿದರು. ಒಂದು ಚೌಕಕ್ಕೆ ಒಬ್ಬರಂತೆ ಆ ಬಡವರು ಬಯಲಿನಲ್ಲಿ ಮಲಗಿದರು. ಅದೇ ರಾತ್ರಿ, ಅದೇ ಊರಿನಲ್ಲಿ, ಸುಮಾರು ಒಂದೂವರೆ ಲಕ್ಷ ಹೋಟೆಲ್ ಕೋಣೆಗಳಲ್ಲಿ ಬಹುಪಾಲು ಖಾಲಿಯಿದ್ದವು. ಅತಿಥಿಗಳಿಗಾಗಿ ಹಾಸಿದ ಹಾಸಿಗೆಗಳು ಹಾಗೆಯೇ ಇದ್ದವು. ಊರಿನವರಿಗೆ ಮಾತ್ರ ಅವು ದೊರೆಯಲಿಲ್ಲ. ಪರರ ಸತ್ಕಾರಕ್ಕಾಗಿಯೇ ಬೆಳೆದ ಊರು ತನ್ನವರನ್ನು ಸತ್ಕರಿಸಲು ಕಲಿತಿರಲಿಲ್ಲವೆಂದು ಅದನ್ನು ಕಂಡವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಊರಿನ ಇನ್ನೊಂದು ಮುಖವೂ ಆಗಲೇ ಕಂಡಿತು. ಅಡಿಗೆ ಕಲಿಸುತ್ತಿದ್ದ ಆ ತರಬೇತಿ ಶಾಲೆ ಕೆಲಸ ಕಳೆದುಕೊಂಡವರಿಗೆ ದಿನಸಿ ಹಂಚುವ ಕೇಂದ್ರವಾಯಿತು. ಅತಿಥಿಗಳಿಗೆ ಬಡಿಸುತ್ತಿದ್ದ ಕೈಗಳು ನೆರೆಯವರ ಚೀಲಗಳಿಗೆ ಅಕ್ಕಿ, ಕಾಳು, ತರಕಾರಿಗಳನ್ನು ತುಂಬಿದವು. ಕೆಲಸಗಾರರು ಒಟ್ಟಾಗಿ ಬೇಡಿದ್ದರಿಂದ 2021ರಲ್ಲಿ ನೆವಾಡದ ಶಾಸನಸಭೆ ಒಂದು ಕಾನೂನು ಮಾಡಿತು. ರೋಗದ ಕಾಲದಲ್ಲಿ ತೆಗೆದುಹಾಕಿದ ಹಳೆಯ ಕೆಲಸಗಾರರನ್ನು ಮೊದಲು ಮರಳಿ ಕರೆದ ಮೇಲೆಯೇ ಹೊಸಬರನ್ನು ಸೇರಿಸಬೇಕೆಂಬುದು ಅದರ ತಿರುಳು.

ಈ ಕಥೆ ನಮಗೆ ದೂರದ್ದಲ್ಲ. 2020ರ ಮಾರ್ಚಿಯಲ್ಲಿ ಮೈಸೂರಿನ ಅರಮನೆಯ ಬಾಗಿಲೂ ಮೃಗಾಲಯದ ಬಾಗಿಲೂ ಮುಚ್ಚಿದವು. ಆ ವರ್ಷದ ದಸರೆಯ ಜಂಬೂಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ಪ್ರವಾಸಿಗರನ್ನು ನಂಬಿದ ಟಾಂಗಾದವರು, ಹೂವಿನವರು, ಗಂಧದ ಕಟ್ಟಿಗೆಯ ಆಟಿಗೆ ಮಾರುವವರು ಖಾಲಿ ಬೀದಿಯನ್ನು ನೋಡುತ್ತ ಕುಳಿತರು. ಹೊರಗಿನವರು ಬರುವುದರಿಂದ ಬದುಕುವ ಊರುಗಳು ಎಲ್ಲಿದ್ದರೂ ಅವುಗಳ ಕಷ್ಟದ ಬಣ್ಣ ಒಂದೇ.

ಮಳೆ ತಪ್ಪುವುದನ್ನು ತಡೆಯಲು ನಮ್ಮ ಹಿರಿಯರಿಗೂ ಸಾಧ್ಯವಿರಲಿಲ್ಲ. ಆದರೆ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಊರೂರಿಗೆ ಕೆರೆ ಕಟ್ಟಿದರು. ಮಳೆ ಬಂದ ವರ್ಷ ನೀರನ್ನು ಹಿಡಿದಿಟ್ಟು ಬಾರದ ವರ್ಷ ಬೆಳೆಯನ್ನು ಉಳಿಸಿಕೊಂಡರು. ಕೆರೆಯ ಏರಿಗೆ ಮಣ್ಣು ಹಾಕುವ ಕೆಲಸ ಊರಿನ ಎಲ್ಲರದೂ ಆಗಿತ್ತು, ನೀರೂ ಎಲ್ಲರದಾಗಿತ್ತು. ಪ್ರವಾಸಿಗರನ್ನು ನಂಬಿದ ಊರಿಗೂ ಇಂಥ ಕೆರೆ ಬೇಕು. ಒಳ್ಳೆಯ ಕಾಲದಲ್ಲಿ ಕೂಡಿಟ್ಟ ಬೊಕ್ಕಸದ ಹಣ, ಒಂದಕ್ಕಿಂತ ಹೆಚ್ಚು ಉದ್ಯೋಗಗಳು, ಮಕ್ಕಳ ವಿದ್ಯೆ, ದುಡಿಯುವವರ ಕೈಯಲ್ಲಿನ ಕಸುಬು, ಕಷ್ಟದಲ್ಲಿ ಒಬ್ಬರನ್ನೊಬ್ಬರು ಬಿಡದ ಒಗ್ಗಟ್ಟು ಇವೇ ಆ ಕೆರೆ. ಲಾಸ್ ವೇಗಸ್ಸಿನಲ್ಲಿ ಬೊಕ್ಕಸದ ಕೆರೆ ಚಿಕ್ಕದಾಗಿತ್ತು. ಆದ್ದರಿಂದ ಬೇಗನೆ ಬತ್ತಿತು. ಅಡಿಗೆಯವರೂ ಕೋಣೆ ಗುಡಿಸುವವರೂ ಕಟ್ಟಿಕೊಂಡ ಕೆರೆಯಲ್ಲಿ ಮಾತ್ರ ನೀರು ಉಳಿದಿತ್ತು.

2024ರಲ್ಲಿ ಸುಮಾರು 4 ಕೋಟಿ 17 ಲಕ್ಷ ಪ್ರವಾಸಿಗರು ಆ ನಗರಕ್ಕೆ ಬಂದರು; 2025ರಲ್ಲಿ ಆ ಸಂಖ್ಯೆ ಮತ್ತೆ ಇಳಿಯಿತು. ದೂರದ ಕಡಲಿನಲ್ಲಿ ಗಾಳಿ ಆಗಾಗ ದಿಕ್ಕು ಬದಲಿಸುತ್ತಲೇ ಇರುತ್ತದೆ. ಮೋಡವನ್ನು ನೋಡುತ್ತ ಕುಳಿತವನಿಗಿಂತ ಕೆರೆಯ ಏರಿಗೆ ಒಂದು ಬುಟ್ಟಿ ಮಣ್ಣು ಹಾಕಿದವನೇ ಜಾಣನು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಲಾಸ್ ವೇಗಸ್ ಎಂಬ ಹೆಸರಿನ ಅರ್ಥವೇನು?
2. ಕೊಲರಾಡೊ ನದಿಯ ಅಣೆಕಟ್ಟಿನ ಕೆಲಸ ಯಾವಾಗ ಆರಂಭವಾಯಿತು?
3. ನೆವಾಡ ಸರಕಾರದ ವರಮಾನಕ್ಕೆ ಮುಖ್ಯ ಆಧಾರಗಳು ಯಾವುವು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. 2009ರಲ್ಲಿ ಪ್ರವಾಸಿಗರ ಸಂಖ್ಯೆ ಹೆಚ್ಚು ಇಳಿಯದಿದ್ದರೂ ನಗರವು ಕಷ್ಟಕ್ಕೆ ಸಿಕ್ಕಿದ್ದೇಕೆ?
2. ಹ್ಯಾಟಿ ಕ್ಯಾಂಟಿಯ ಬಾಳಿನಿಂದ ತಿಳಿಯುವುದೇನು?
3. 1930ರ ದಶಕದ ಕುಸಿತಕ್ಕೂ 2008ರ ಕುಸಿತಕ್ಕೂ ಈ ಊರಿನ ಮಟ್ಟಿಗೆ ಇದ್ದ ವ್ಯತ್ಯಾಸವನ್ನು ವಿವರಿಸಿರಿ.

ಇ. ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ:
‘ಆಡುವವನು ಅದೃಷ್ಟವನ್ನು ನಂಬುತ್ತಾನೆ, ಆಡಿಸುವವನು ಗಣಿತವನ್ನು ನಂಬುತ್ತಾನೆ.’

ಈ. ನಿಮ್ಮ ಊರಿನ ಜನರ ಬದುಕು ಯಾವ ‘ಮಳೆ’ಯನ್ನು ನಂಬಿದೆ? ಅದು ತಪ್ಪಿದಾಗ ನೆರವಾಗುವ ‘ಕೆರೆ’ ಯಾವುದು? ಒಂದು ಪುಟದಷ್ಟು ಬರೆಯಿರಿ.